ಸಾಕುಮೀನು: ತುಂಗಾ–ಭದ್ರಾ ಸೀಮೆಯ ಒಂದು ಚರಿತ್ರೆ

ನೀರಿನಲ್ಲಿ ಬೆಳೆಯುವ ಜೀವವನ್ನು ಪಳಗಿಸುವ ವಿದ್ಯೆ ಮನುಷ್ಯನಿಗೆ ಬಹಳ ತಡವಾಗಿ ಒಲಿಯಿತು. ದನ, ಕುರಿ, ಭತ್ತ, ರಾಗಿ ಸಾವಿರಾರು ವರ್ಷಗಳ ಹಿಂದೆಯೇ ಮನುಷ್ಯನ ಆಸರೆಗೆ ಬಂದವು. ಚೀನಾದ ಗೆಂಡೆಯಂಥ ಕೆಲವನ್ನು ಬಿಟ್ಟರೆ ಮೀನು ಮತ್ತು ಕಡಲಪಾಚಿಗಳ ಹೆಚ್ಚಿನ ಜಾತಿಗಳು ಇಪ್ಪತ್ತನೆಯ ಶತಮಾನದವರೆಗೂ ಕಾಡುಜೀವಿಗಳಾಗಿಯೇ ಉಳಿದಿದ್ದವು. ಅವುಗಳನ್ನು ಹಿಡಿಯುವುದು ಎಲ್ಲರಿಗೂ ಗೊತ್ತಿತ್ತು, ಬಿತ್ತಿ ಬೆಳೆಯುವುದು ಗೊತ್ತಿರಲಿಲ್ಲ. ಶಿವಮೊಗ್ಗ ಮತ್ತು ಭದ್ರಾವತಿ ಸೀಮೆಯಲ್ಲಿ ಈ ಬದಲಾವಣೆ ಎರಡು ಮೂರು ತಲೆಮಾರುಗಳ ಅವಧಿಯಲ್ಲಿ ನಡೆದುಹೋಯಿತು. ಎರಡೂ ಊರುಗಳಲ್ಲಿ ಹೊಸಮನೆ ಎಂಬ ಬಡಾವಣೆ ಇದೆ. ಒಂದು ತುಂಗೆಯ ಊರಿನದು, ಇನ್ನೊಂದು ಭದ್ರೆಯ ಊರಿನದು. ಅಲ್ಲಿನ ಮನೆಗಳ ಅಜ್ಜ ಅಜ್ಜಿಯರು ತಿಂದ ಹೊಳೆಮೀನಿಗೂ ಮೊಮ್ಮಕ್ಕಳು ತಿನ್ನುವ ಕಾಟ್ಲಾ, ರೋಹುಗಳಿಗೂ ಹುಟ್ಟೂರೇ ಬೇರೆ. ಮೊದಲಿನದು ಸಹ್ಯಾದ್ರಿಯ ನದಿಗಳದ್ದು, ಎರಡನೆಯದು ಗಂಗಾ ಬಯಲಿನದು.

ತುಂಗೆ, ಭದ್ರೆಯರಿಬ್ಬರೂ ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗದ ಸಮೀಪದ ಕೂಡ್ಲಿಯಲ್ಲಿ ಒಂದಾಗುತ್ತಾರೆ. ಕಲ್ಲುಹಾಸಿನ ಮೇಲೆ ಹರಿಯುವ, ಬೇಸಿಗೆಯಲ್ಲಿ ಮಡುಗಳಾಗಿ ಒಡೆದು ನಿಲ್ಲುವ, ಮಳೆಗಾಲದಲ್ಲಿ ದಡ ಮೀರುವ ನದಿಗಳಿವು. ಇವುಗಳಲ್ಲಿ ಹಾರಗಿ, ಕೆಮ್ಮೀನು, ಹಲವು ಬಗೆಯ ಗೆಂಡೆ, ಬಾಳೆಮೀನು, ಹಾವುಮೀನು ಇದ್ದವು. ಕೆರೆ, ಗದ್ದೆ, ಹಳ್ಳಗಳಲ್ಲಿ ಕುಚ್ಚು, ಮುರುಗೋಡು, ಗಿರ್ಲುಗಳು ಸಿಗುತ್ತಿದ್ದವು. ನದಿಯ ಗೆಂಡೆ ಜಾತಿಗಳಿಗೆ ಒಂದು ಸ್ವಭಾವವಿದೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಸನೀರು ಬಂದ ಕೂಡಲೇ ಅವು ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಈಜಿ, ಹಳ್ಳ ತೋಡುಗಳನ್ನು ಹತ್ತಿ, ತಿಳಿಯಾದ ತೆಳುನೀರಿನಲ್ಲಿ ಮೊಟ್ಟೆ ಇಡುತ್ತವೆ. ಮಲೆನಾಡಿನವರು ಇದನ್ನು ಹತ್ತುಮೀನು ಎನ್ನುತ್ತಾರೆ. ಜೂನ್ ತಿಂಗಳ ಮಳೆರಾತ್ರಿಗಳಲ್ಲಿ ಸೂಡಿಯನ್ನೋ ಬ್ಯಾಟರಿಯನ್ನೋ ಹಿಡಿದು, ಗದ್ದೆಬದುವಿನ ತೂಬುಗಳಲ್ಲಿ ಬಿದಿರಿನ ಕೂಳಿ ಒಡ್ಡಿ ಹತ್ತುಮೀನು ಹಿಡಿಯುವುದು ಇಲ್ಲಿನ ಹಳೆಯ ರೂಢಿ. ಮೊಟ್ಟೆ ತುಂಬಿದ ಮೀನನ್ನೇ ಹಿಡಿಯುವ ಈ ಬೇಟೆ ಸಂತಾನಕ್ಕೆ ಪೆಟ್ಟು ಕೊಡುತ್ತದೆ ಎಂಬ ಆಕ್ಷೇಪದಲ್ಲಿ ನಿಜವಿದೆ. ಆದರೆ ಮಳೆ, ಹೊಸನೀರು, ಮೊಟ್ಟೆ ಈ ಮೂರರ ಸಂಬಂಧವನ್ನು ಯಾವ ಪ್ರಯೋಗಾಲಯಕ್ಕಿಂತ ಮೊದಲೇ ಕಂಡುಕೊಂಡವರು ಈ ಬೇಟೆಗಾರರೇ. ಸಾಕುಮೀನಿನ ಇಡೀ ಚರಿತ್ರೆ ಈ ಸಂಬಂಧದ ಸುತ್ತಲೇ ತಿರುಗುತ್ತದೆ.

ಬೇಸಿಗೆಯ ರೂಢಿ ಬೇರೆ. ಸೊರಬ, ಸಾಗರ, ಶಿಕಾರಿಪುರ ಕಡೆಯ ಹಳ್ಳಿಗಳಲ್ಲಿ ಕೆರೆಯ ನೀರು ಮೊಣಕಾಲ ಮಟ್ಟಕ್ಕೆ ಇಳಿದಾಗ ಊರವರು ದಿನ ಗೊತ್ತುಮಾಡಿ ಕೆರೆಬೇಟೆ ನಡೆಸುತ್ತಾರೆ. ಅದರ ಮುಖ್ಯ ಸಾಧನ ಕೂಣಿ: ಬಿದಿರಿನ ಸೀಳುಗಳಿಂದ ಹೆಣೆದ, ತಳವಿಲ್ಲದ, ಕೆಳಗೆ ಅಗಲ ಮೇಲೆ ಕಿರಿದಾದ ಬುಟ್ಟಿ. ಬೇಟೆಗಾರ ಅದನ್ನು ಕೆಸರುನೀರಿಗೆ ಕುಕ್ಕುತ್ತ ಮುಂದೆ ಸಾಗುತ್ತಾನೆ. ಒಳಗೆ ಮೀನು ಸಿಕ್ಕಿ ಬಡಿದುಕೊಂಡರೆ ಮೇಲಿನ ಬಾಯಿಯಿಂದ ಕೈಹಾಕಿ ಹಿಡಿಯುತ್ತಾನೆ. ಕೂಣಿಯೊಂದಕ್ಕೆ ಇಷ್ಟು ಎಂದು ಶುಲ್ಕ ಕಟ್ಟಿಸಿಕೊಂಡು ಆ ಹಣವನ್ನು ದೇವಸ್ಥಾನಕ್ಕೋ ಊರ ಕೆಲಸಕ್ಕೋ ಬಳಸುವ ಪದ್ಧತಿಯಿದೆ. ಸನ್ನೆ ಸಿಕ್ಕ ಕೂಡಲೇ ನೂರಾರು ಜನ ಒಮ್ಮೆಗೇ ನೀರಿಗೆ ಇಳಿಯುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿ ಕೆರೆಗೆ ಮೀನು ಎಲ್ಲಿಂದ ಬರುತ್ತಿತ್ತು ಎಂಬುದು. ಕೋಡಿ ಬಿದ್ದಾಗ ಹಳ್ಳದಿಂದ ಹತ್ತಿ ಬಂದದ್ದು, ಕೆಸರಿನಲ್ಲಿ ಹುದುಗಿ ಬೇಸಿಗೆ ಕಳೆದದ್ದು, ಅಲ್ಲೇ ಮರಿ ಮಾಡಿದ್ದು ಇಷ್ಟೇ ಕೆರೆಯ ಬಂಡವಾಳ. ಯಾರೂ ಬಿತ್ತುತ್ತಿರಲಿಲ್ಲ, ಊರಿಗೆ ಊರೇ ಸೇರಿ ಕೊಯ್ಯುತ್ತಿತ್ತು.

ಮೀನಿನ ಬಗ್ಗೆ ಬರೆದಿಟ್ಟ ತಿಳಿವಳಿಕೆಯೂ ಕನ್ನಡ ನಾಡಿನಲ್ಲಿ ಹಳೆಯದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಒಂದು ಭಾಗವೇ ಇದೆ. ಮೀನಿನ ಬಗೆಗಳು, ಯಾವ ಮೀನಿಗೆ ಯಾವ ಮೇವು, ಗಾಳ ಹೇಗಿರಬೇಕು ಎಂಬ ವಿವರಗಳನ್ನು ಅದು ಕೊಡುತ್ತದೆ. ಮೀನುವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ವಿಜ್ಞಾನದ ಕಣ್ಣಿನಿಂದ ಓದಿ ಪ್ರಕಟಿಸಿದರು. ರಾಜನ ವಿನೋದಕ್ಕಾಗಿ ಮೀನಿಗೆ ಮೇವು ಹಾಕಿ ಒಂದೆಡೆ ನೆಲೆಗೊಳಿಸುವುದು ಸಾಕಣೆಯ ಹೊಸ್ತಿಲವರೆಗೆ ಬಂದ ಕ್ರಮ. ದೇವರ ಮೀನುಗಳದ್ದೂ ಅದೇ ಬಗೆ. ಶೃಂಗೇರಿಯ ತುಂಗಾತೀರದಲ್ಲಿ, ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿ ಮಹಶೀರ್ ಮೊದಲಾದ ಮೀನುಗಳು ಮನುಷ್ಯರ ಕೈಯಿಂದ ಮಂಡಕ್ಕಿ ತಿನ್ನುವಷ್ಟು ಸಲಿಗೆ ಬೆಳೆಸಿಕೊಂಡಿವೆ. ಆದರೂ ಅವು ಸಾಕುಮೀನುಗಳಲ್ಲ. ಯಾವುದು ಯಾವುದರೊಡನೆ ಕೂಡಿ ಮರಿ ಮಾಡಬೇಕೆಂಬುದು ಇಂದಿಗೂ ಹೊಳೆಯ ಕೈಯಲ್ಲೇ ಇದೆ. ಸಾಕುಪ್ರಾಣಿ ಎನಿಸಿಕೊಳ್ಳಲು ಮೇವು ಮತ್ತು ಸಲಿಗೆ ಸಾಲವು. ಸಂತಾನ ಮನುಷ್ಯನ ಹಿಡಿತಕ್ಕೆ ಬರಬೇಕು.

ಇಪ್ಪತ್ತನೆಯ ಶತಮಾನ ಭದ್ರೆಯ ಸ್ವರೂಪವನ್ನೇ ಬದಲಿಸಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟ, ಒಂದು ಊರನ್ನೇ ಕಟ್ಟಿದ ಉದ್ದಿಮೆಗಳಿವು. ಅವುಗಳ ತ್ಯಾಜ್ಯ ಸೇರುತ್ತಿದ್ದುದು ಭದ್ರೆಗೆ. 1956ರಲ್ಲಿ ಎ. ಡೇವಿಡ್ ಎಂಬ ಮೀನುವಿಜ್ಞಾನಿ ಭದ್ರಾವತಿಯ ಬಳಿ ಕೈಗಾರಿಕಾ ತ್ಯಾಜ್ಯದಿಂದ ಭದ್ರಾ ನದಿಯ ಮೀನುಗಾರಿಕೆಯ ಮೇಲಾದ ಪರಿಣಾಮವನ್ನು ಕುರಿತು ಪ್ರಬಂಧ ಪ್ರಕಟಿಸಿದರು. ನದಿ ಮಾಲಿನ್ಯವೆಂಬ ಮಾತು ಸಾರ್ವಜನಿಕ ಚರ್ಚೆಗೆ ಬರುವುದಕ್ಕೆ ಬಹಳ ಮೊದಲೇ, ನೀರಿನ ಮಾಲಿನ್ಯ ತಡೆಯುವ 1974ರ ಕಾಯಿದೆಗೂ ಹದಿನೆಂಟು ವರ್ಷ ಮುಂಚೆ, ಈ ಊರಿನ ಹೊಳೆ ವಿಜ್ಞಾನದ ದಾಖಲೆಗೆ ಸೇರಿತು. ಭದ್ರಾವತಿಯವರು ಈ ಪ್ರಬಂಧವನ್ನು ಊರಿನ ಚರಿತ್ರೆಯ ಭಾಗವಾಗಿ ನೆನಪಿಟ್ಟುಕೊಳ್ಳುವುದು ನ್ಯಾಯ.

ಮಾಲಿನ್ಯದ ಜೊತೆಗೆ ಅಣೆಕಟ್ಟೆಗಳೂ ಬಂದವು. ತುಂಗೆಗೆ ಗಾಜನೂರಿನಲ್ಲಿ, ಭದ್ರೆಗೆ ಗೊಂದಿಯಲ್ಲಿ ಅಡ್ಡಗಟ್ಟೆಗಳಾದವು. ಎಲ್ಲಕ್ಕಿಂತ ದೊಡ್ಡದು ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ. 1940ರ ದಶಕದ ಕೊನೆಯಲ್ಲಿ ಶುರುವಾದ ಈ ಕೆಲಸ 1960ರ ದಶಕದಲ್ಲಿ ಮುಗಿಯಿತು. ಕಟ್ಟೆಯ ಹಿಂದೆ 186 ಅಡಿ ಮಟ್ಟದವರೆಗೆ 71.5 ಟಿಎಂಸಿ ನೀರು ನಿಲ್ಲುವಂತಾಯಿತು. ತುಂಬಿದಾಗ ಹಿನ್ನೀರು ನೂರು ಚದರ ಕಿಲೋಮೀಟರಿಗೂ ಹೆಚ್ಚು ಹರಡುತ್ತದೆ. ದಾವಣಗೆರೆಯವರೆಗಿನ ನೆಲಕ್ಕೆ ಭತ್ತ, ಅಡಿಕೆ, ಕಬ್ಬು ಕೊಟ್ಟ ನೀರು ಅದು. ಹೊಸನೀರಿಗೆ ಎದುರಾಗಿ ಹತ್ತುವ ಮೀನಿಗೆ ಮಾತ್ರ ಆ ಕಟ್ಟೆ ದಾಟಲಾಗದ ಗೋಡೆಯಾಯಿತು. ಹಿನ್ನೀರಿನ ನಿಂತ, ಆಳದ ನೀರು ಹರಿವನ್ನು ನೆಚ್ಚಿದ ಹೊಳೆಮೀನುಗಳಿಗೆ ಹೊಂದುವಂಥದ್ದಾಗಿರಲಿಲ್ಲ. ವಿಶಾಲವಾದ ಜಲರಾಶಿ ಸಿದ್ಧವಾಗಿತ್ತು, ಅದನ್ನು ತುಂಬುವ ಮೀನು ಇರಲಿಲ್ಲ. ಈ ಖಾಲಿ ಜಾಗಕ್ಕೇ ಗಂಗೆಯ ಗೆಂಡೆಗಳು ಬಂದವು.

ಕಾಟ್ಲಾ, ರೋಹು, ಮೃಗಾಲ್ ಮೂರೂ ಉತ್ತರ ಭಾರತದ ಮಹಾನದಿಗಳ ಮೀನುಗಳು. ಬೇಗ ಬೆಳೆಯುತ್ತವೆ, ನಿಂತ ನೀರಿನಲ್ಲಿ ಬದುಕುತ್ತವೆ, ಒಂದು ಮೇಲ್ನೀರಿನಲ್ಲಿ, ಒಂದು ನಡುನೀರಿನಲ್ಲಿ, ಒಂದು ತಳದಲ್ಲಿ ಮೇಯುವುದರಿಂದ ಪರಸ್ಪರ ಅಡ್ಡಿಯಾಗುವುದಿಲ್ಲ. ಕೆರೆಗೆ ಇವಕ್ಕಿಂತ ಅನುಕೂಲವಾದ ಮೀನು ಸಿಗುವುದು ಕಷ್ಟ. ತೊಡಕು ಒಂದೇ: ಕೆರೆಯಲ್ಲಿ ಎಷ್ಟೇ ಕೊಬ್ಬಿದರೂ ಅವು ಅಲ್ಲಿ ಮೊಟ್ಟೆ ಇಡುವುದಿಲ್ಲ. ಪ್ರವಾಹದ ನದಿಯಲ್ಲೇ ಇಡಬೇಕು. ಹಾಗಾಗಿ ಬಂಗಾಳದ ಮೀನುಗಾರರು ಮಳೆಗಾಲದಲ್ಲಿ ನದಿಗೆ ಸೂಕ್ಷ್ಮ ಬಲೆ ಒಡ್ಡಿ ತೇಲಿಬರುವ ಮೊಟ್ಟೆ, ಮರಿಗಳನ್ನು ಸೋಸಿ ಮಾರುತ್ತಿದ್ದರು. ಹೌರಾ ಆ ವ್ಯಾಪಾರದ ಕೇಂದ್ರ. ಮಣ್ಣಿನ ಹಂಡೆಗಳಲ್ಲಿ ತುಂಬಿದ ಮರಿಗಳು ರೈಲಿನಲ್ಲಿ ದೇಶದ ಮೂಲೆಮೂಲೆಗೆ ಹೋಗುತ್ತಿದ್ದವು. ದಾರಿಯುದ್ದಕ್ಕೂ ನೀರು ಕುಲುಕುತ್ತ, ಬದಲಿಸುತ್ತ ಆಳುಗಳು ಜೊತೆಗಿರಬೇಕಿತ್ತು. ಮರಿಗಳಲ್ಲಿ ಬೇಕಾದ ಜಾತಿ ಎಷ್ಟು, ಮರಿ ತಿನ್ನುವ ಜಾತಿ ಎಷ್ಟು ಎಂಬುದು ಬೆಳೆದ ಮೇಲಷ್ಟೇ ತಿಳಿಯುತ್ತಿತ್ತು. ಬಿತ್ತನೆಯೇ ಹೀಗೆ ಅದೃಷ್ಟದ ಪಾಲಾಗಿದ್ದಾಗ ದಕ್ಷಿಣದ ಕೆರೆಗಳಲ್ಲಿ ಮೀನುಕೃಷಿ ಬೇರೂರುವ ಮಾತೇ ಇರಲಿಲ್ಲ.

ಬೀಗ ತೆರೆದದ್ದು 1957ರಲ್ಲಿ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿ ಮೊಟ್ಟೆ ಇಡುವ ಕ್ರಿಯೆಯನ್ನು ಆಳುತ್ತದೆ ಎಂಬುದು ಆಗಲೇ ತಿಳಿದಿತ್ತು. ಬ್ರೆಜಿಲ್‌ನ ವಾನ್ ಇಹೆರಿಂಗ್ 1934ರಲ್ಲಿ ಗ್ರಂಥಿಯ ಸಾರ ಚುಚ್ಚಿ ಅಲ್ಲಿನ ಮೀನುಗಳಿಂದ ಮೊಟ್ಟೆ ಇಡಿಸಿದ್ದರು. ಭಾರತದ ಗೆಂಡೆಗಳಲ್ಲಿ ಈ ವಿಧಾನವನ್ನು ಕೈಗೂಡಿಸಿದವರು ಕಟಕ್‌ನ ಸಂಶೋಧನಾ ಕೇಂದ್ರದ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ. ಒಡಿಶಾದ ಅಂಗುಲ್‌ನಲ್ಲಿ 1957ರ ಜುಲೈ 10ರಂದು ಅವರ ಪ್ರಯತ್ನ ಫಲ ಕೊಟ್ಟಿತು. ಆ ದಿನವನ್ನು ದೇಶದಲ್ಲಿ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ಹತ್ತುಮೀನಿನ ಬೇಟೆಗಾರರು ಆಕಾಶ ನೋಡಿ ಕಾಯುತ್ತಿದ್ದ ಗಳಿಗೆಯನ್ನು ಸಿರಿಂಜು ಹಿಡಿದವರು ತಾವೇ ಬರಮಾಡಿಕೊಳ್ಳುವ ಕಾಲ ಅಂದು ಶುರುವಾಯಿತು.

ಈ ವಿದ್ಯೆ ನೆಲೆಗೊಂಡ ಕರ್ನಾಟಕದ ತಾಣಗಳಲ್ಲಿ ಭದ್ರಾ ಅಣೆಕಟ್ಟೆಯ ಬುಡದ ಬಿ.ಆರ್. ಪ್ರಾಜೆಕ್ಟ್ ಕೂಡ ಒಂದು. ಅಣೆಕಟ್ಟೆ ಕಟ್ಟುವ ಕೆಲಸಗಾರರಿಗಾಗಿ ಎದ್ದ ಈ ವಸತಿಯಲ್ಲಿ, ಜಲಾಶಯದ ನೀರಿನ ಆಸರೆಯಲ್ಲಿ, ಸರ್ಕಾರದ ಮೀನುಮರಿ ಕೇಂದ್ರ ಬೆಳೆಯಿತು. ಪಕ್ಕದ ಶಂಕರಘಟ್ಟದಲ್ಲಿ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅಲ್ಲಿನ ಜೀವವಿಜ್ಞಾನದ ಸಂಶೋಧಕರಿಗೂ ಮೀನು ಒದಗಿಸುವ ತಾಣ ಇದಾಯಿತು.

ಇಂಥ ಕೇಂದ್ರದಲ್ಲಿ ಮರಿ ಮಾಡಿಸುವ ಹಳೆಯ ಕ್ರಮವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಮಾರುಕಟ್ಟೆಗೆ ಬಂದ ಬಲಿತ ಮೀನಿನ ತಲೆಬುರುಡೆ ತೆರೆದು, ಮೆದುಳನ್ನು ಸರಿಸಿ, ಗ್ರಂಥಿಯನ್ನು ಚಿಮಟಿಗೆಯಿಂದ ಒಡೆಯದಂತೆ ಎತ್ತಿ ಶುದ್ಧ ಆಲ್ಕೊಹಾಲಿನಲ್ಲಿ ಹಾಕಿ ಇಡುತ್ತಿದ್ದರು. ಬೇಕಾದ ದಿನ ಅದನ್ನು ಒಣಗಿಸಿ, ತೂಗಿ, ಗಾಜಿನ ಒರಳಿನಲ್ಲಿ ಅರೆದು, ನೀರು ಬೆರೆಸಿ, ತಿಳಿಯನ್ನು ಬಸಿಯುತ್ತಿದ್ದರು. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಮೋಡ ಕವಿದ, ತಂಪಾದ ಸಂಜೆಯೇ ಇದಕ್ಕೆ ಪ್ರಶಸ್ತ. ಹೊಟ್ಟೆ ತುಂಬಿ ಮೆತ್ತಗಾದ ಹೆಣ್ಣುಮೀನನ್ನು ಕೈಬಲೆಯಲ್ಲಿ ಎತ್ತಿ, ಬಾಲದ ಬುಡದ ಬಳಿ ಪಾರ್ಶ್ವರೇಖೆಯ ಮೇಲೆ, ಹುರುಪೆಯ ಅಡಿಗೆ ಸೂಜಿ ತೂರಿಸಿ ಕಿಲೋ ತೂಕಕ್ಕೆ 2ರಿಂದ 3 ಮಿಲಿಗ್ರಾಂ ಲೆಕ್ಕದಲ್ಲಿ ಮೊದಲ ಚುಚ್ಚು. ಸುಮಾರು ಆರು ಗಂಟೆಯ ನಂತರ 5ರಿಂದ 8 ಮಿಲಿಗ್ರಾಂನ ಎರಡನೆಯದು. ಗಂಡಿಗೆ ಒಂದೇ ಚುಚ್ಚು, ಹೆಣ್ಣಿನ ಎರಡನೆಯ ಸರದಿಯ ಹೊತ್ತಿಗೆ. ಆಮೇಲೆ ಹೆಣ್ಣೊಂದಕ್ಕೆ ಎರಡು ಗಂಡಿನಂತೆ ಹಾಪಾ ಎಂಬ ಬಟ್ಟೆಯ ತೊಟ್ಟಿಯಲ್ಲಿ ಬಿಟ್ಟರೆ ಮೂರು ನಾಲ್ಕು ತಾಸಿನಲ್ಲಿ ನೀರು ಕಲಕುವ ಸದ್ದು ಕೇಳಿಸುತ್ತದೆ. ಬೆಳಗಿನ ಹೊತ್ತಿಗೆ ಹಾಪಾದ ತುಂಬ ಸಾಬೂದಾನಿಯಂತೆ ಉಬ್ಬಿದ, ಪಾರದರ್ಶಕ ಮೊಟ್ಟೆಗಳು. ಫಲಿತ ಮೊಟ್ಟೆ ಗಾಜಿನಂತೆ ಹೊಳೆಯುತ್ತದೆ, ಕೆಟ್ಟದ್ದು ಬೆಳ್ಳಗಾಗುತ್ತದೆ. ಕೆಲಸದವರು ಬೊಗಸೆಯಲ್ಲಿ ಎತ್ತಿ ನೋಡಿಯೇ ಫಲದ ಪ್ರಮಾಣ ಅಂದಾಜು ಮಾಡುತ್ತಾರೆ. 14ರಿಂದ 18 ಗಂಟೆಗಳಲ್ಲಿ ಮೊಟ್ಟೆ ಒಡೆದು ಕೂದಲೆಳೆಯಂಥ ಮರಿ ಹೊರಬರುತ್ತದೆ. ಒಂದು ಕಿಲೋ ತೂಕದ ಹೆಣ್ಣುಮೀನಿನಿಂದ ಲಕ್ಷಕ್ಕೂ ಹೆಚ್ಚು ಮೊಟ್ಟೆ.

ಮುಂದಿನ ಮೂರು ದಿನ ಮರಿಗೆ ಹೊಟ್ಟೆಯಡಿಯ ಭಂಡಾರದ ಚೀಲವೇ ಆಹಾರ. ಆ ಚೀಲ ಕರಗಿದ ಮೇಲೆ ಅದು ಮಾರಾಟಕ್ಕೆ ಸಿದ್ಧವಾದ ಸ್ಪಾನ್. ಸಗಣಿ, ಸುಣ್ಣ ಹಾಕಿ ಪ್ರಾಣಿಪ್ಲವಕ ಬೆಳೆಸಿದ ನರ್ಸರಿ ಕೊಳದಲ್ಲಿ ಎರಡು ಮೂರು ವಾರ ಇಟ್ಟರೆ ಇಂಚುದ್ದದ ಮರಿ, ಮತ್ತೆರಡು ತಿಂಗಳಿಗೆ ಬೆರಳುದ್ದದ ಬಲಿತ ಮರಿ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳು ಬಂದ ಮೇಲೆ ಹಂಡೆ ಕುಲುಕುವ ಪ್ರಯಾಣ ಮುಗಿಯಿತು. ಬಸ್ಸಿನ ಮೇಲೆ, ಜೀಪಿನಲ್ಲಿ ಮರಿಗಳು ಹಳ್ಳಿ ತಲುಪಿದವು. 1980ರ ದಶಕದಲ್ಲಿ ಚೀನಾ ಮಾದರಿಯ ವೃತ್ತಾಕಾರದ ಸಿಮೆಂಟ್ ತೊಟ್ಟಿಗಳು ಹಾಪಾಗಳ ಜಾಗಕ್ಕೆ ಬಂದವು. ತೊಟ್ಟಿಯೊಳಗೆ ಕೊಳವೆಗಳಿಂದ ಓರೆಯಾಗಿ ಚಿಮ್ಮುವ ನೀರು ಸದಾ ಸುತ್ತುತ್ತಿರುತ್ತದೆ. ಮುಂಗಾರಿನ ಹೊಳೆಯ ಹರಿವನ್ನು ಸಿಮೆಂಟಿನಲ್ಲಿ ಕಟ್ಟಿಕೊಟ್ಟ ವ್ಯವಸ್ಥೆ ಇದು. ಅದೇ ದಶಕದ ಕೊನೆಗೆ ಒವಾಪ್ರಿಮ್ ಎಂಬ ಸಿದ್ಧ ಔಷಧಿ ಬಂದು ಗ್ರಂಥಿ ಕೀಳುವ, ಅರೆಯುವ ಕೆಲಸವೂ ತಪ್ಪಿತು. ಇದನ್ನು ಭಾರತದ ಗೆಂಡೆಗಳ ಮೇಲೆ ಪರೀಕ್ಷಿಸಿದವರಲ್ಲಿ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಎಂ. ಸಿ. ನಂದೀಶ ಮತ್ತು ಅವರ ತಂಡ ಪ್ರಮುಖರು. 1969ರಲ್ಲಿ ಆರಂಭವಾದ ಆ ಕಾಲೇಜು ದೇಶದ ಮೊದಲ ಮೀನುಗಾರಿಕೆ ಕಾಲೇಜು.

ಬಿತ್ತನೆ ಕೈಗೆ ಬಂದ ಮೇಲೆ ಕೆರೆಯ ಆರ್ಥಿಕತೆ ಬದಲಾಯಿತು. 1973–74ರಿಂದ ಜಿಲ್ಲೆಗಳಲ್ಲಿ ಮೀನು ಕೃಷಿಕರ ಅಭಿವೃದ್ಧಿ ಸಂಸ್ಥೆಗಳು ಹುಟ್ಟಿಕೊಂಡು ತರಬೇತಿ, ಸಾಲ, ಸಹಾಯಧನ ಕೊಡತೊಡಗಿದವು. ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆಯೂ ಸಣ್ಣವನ್ನು ಪಂಚಾಯಿತಿಗಳೂ ಗುತ್ತಿಗೆಗೆ ಕೊಟ್ಟವು. ಮರಿ ಬಿಟ್ಟವನದೇ ಮೀನು ಎಂಬ ನ್ಯಾಯ ಬಂದಲ್ಲಿ ಊರೆಲ್ಲ ಕೂಣಿ ಹಿಡಿದು ಇಳಿಯುವ ಹಕ್ಕು ಕಿರಿದಾಯಿತು. ಕೆರೆಬೇಟೆ ನಿಂತುಹೋಗಲಿಲ್ಲ, ಎಷ್ಟೋ ಕಡೆ ಅದೇ ಕೆರೆಗೆ ಈಗ ಸರ್ಕಾರಿ ಕೇಂದ್ರದ ಮರಿ ಬಿಟ್ಟು, ಬೆಳೆದ ಕಾಟ್ಲಾವನ್ನು ಕೂಣಿಯಲ್ಲಿ ಹಿಡಿಯುತ್ತಾರೆ. ಹಳೆಯ ರೂಢಿ ಹೊಸ ಮೀನಿನ ಮೇಲೆ ಬದುಕಿಕೊಂಡಿತು.

ಗಂಗೆಯ ಮೂರರ ಜೊತೆಗೆ ಹೊರದೇಶದ ಮೂರು ಸೇರಿದವು. ಬೆಳ್ಳಿಗೆಂಡೆ, ಹುಲ್ಲುಗೆಂಡೆಗಳು 1959ರಲ್ಲಿ ಭಾರತಕ್ಕೆ ಬಂದವು. ಸಾಮಾನ್ಯ ಗೆಂಡೆ ಎರಡು ಸಲ ಬಂತು: 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ, 1957ರಲ್ಲಿ ಬ್ಯಾಂಕಾಕ್‌ನಿಂದ ಕಟಕ್‌ಗೆ. ಎರಡನೆಯ ತಳಿಯೇ ಬಯಲುಸೀಮೆ, ಮಲೆನಾಡುಗಳ ಕೆರೆಗಳಲ್ಲಿ ಹಬ್ಬಿತು. ಇದಕ್ಕೆ ಚುಚ್ಚುಮದ್ದೂ ಬೇಡ, ಪ್ರವಾಹವೂ ಬೇಡ. ನೀರುಗಿಡದ ಎಲೆಗೆ ಅಂಟುಮೊಟ್ಟೆ ಹಚ್ಚಿ ತಾನೇ ಮರಿ ಮಾಡುತ್ತದೆ. ಕೇಂದ್ರಗಳಿಗೆ ಇದರಿಂದ ಕೆಲಸ ಹಗುರವಾಯಿತು. ಆದರೆ ಕರ್ನಾಟಕದ ಬೆಚ್ಚನೆಯ ಕೆರೆಗಳಲ್ಲಿ ಅದು ಆರು ತಿಂಗಳೊಳಗೇ ಮೊಟ್ಟೆಗೆ ಬಂದು, ತಿಂದದ್ದನ್ನೆಲ್ಲ ಮೈ ಬೆಳೆಸುವುದಕ್ಕೆ ಬದಲು ಸಂತಾನಕ್ಕೇ ಹಾಕಿ, ಕೆರೆ ತುಂಬ ಕುಳ್ಳ ಮೀನು ತುಂಬಿಬಿಡುತ್ತಿತ್ತು. ರೈತನಿಗೆ ಸಿಗುತ್ತಿದ್ದುದು ಮಾಂಸಕ್ಕಿಂತ ಮೊಟ್ಟೆಯೇ ಹೆಚ್ಚಾದ ಮೀನು. ಈ ದೂರಿಗೆ ಉತ್ತರ ಹುಡುಕಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಸರಘಟ್ಟ ಕೇಂದ್ರ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಜೊತೆಗೂಡಿ ವಿದೇಶದ ಹಲವು ತಳಿಗಳನ್ನು ತಂದು ಹೋಲಿಸಿತು. ಹಂಗೇರಿಯಿಂದ ಬಂದ ಅಮೂರ್ ತಳಿ ತಡವಾಗಿ ಮೊಟ್ಟೆಗೆ ಬಂದು ಬೇಗ ಬೆಳೆಯಿತು. ಇಂದು ಕರ್ನಾಟಕದ ರೈತರು ಅಮೂರ್ ಎಂದು ಹೆಸರು ಹಿಡಿದೇ ಮರಿ ಕೇಳುತ್ತಾರೆ.

ಪಳಗಿಸುವುದರಲ್ಲಿ ಇನ್ನೊಂದು, ಕಣ್ಣಿಗೆ ಬೀಳದ ಅಪಾಯವಿದೆ. ಅದನ್ನು ಜಗತ್ತಿನ ಗಮನಕ್ಕೆ ತಂದ ಅಧ್ಯಯನ ನಡೆದದ್ದು ಕರ್ನಾಟಕದ ಮರಿ ಕೇಂದ್ರಗಳಲ್ಲೇ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಅಂಬೇಕರ್ ಏಕನಾಥ್ ಮತ್ತು ರೋಜರ್ ಡಾಯ್ಲ್ 1985 ಮತ್ತು 1990ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ಇಲ್ಲಿನ ಕೇಂದ್ರಗಳ ತಾಯಿಮೀನುಗಳ ಲೆಕ್ಕ ತೆಗೆದು ನೋಡಿದರು. ಒಂದು ಹೆಣ್ಣಿನಿಂದಲೇ ಲಕ್ಷಾಂತರ ಮರಿ ಸಿಗುವುದರಿಂದ ಕೆಲವೇ ಜೋಡಿಗಳಿಂದ ವರ್ಷದ ಗುರಿ ಮುಟ್ಟಿಬಿಡುತ್ತದೆ. ಮುಂದಿನ ತಾಯಿಮೀನುಗಳನ್ನೂ ಅದೇ ಮರಿಗಳಿಂದ ಆರಿಸುತ್ತಾರೆ. ಹೊರಗಿನ ರಕ್ತ ಬರುವುದಿಲ್ಲ. ಹೀಗೆ ಒಳಸಂಬಂಧ ಏರುವ ದರ ಶೇ. 2ರಿಂದ 17ರವರೆಗೆ ಇದೆ ಎಂದು ಅವರ ಲೆಕ್ಕ ತೋರಿಸಿತು. ಕೇಂದ್ರದವರು ಬೇಕೆಂದೇನೂ ಮಾಡದಿದ್ದರೂ ತಾಯಿಮೀನು ಆರಿಸುವ ರೀತಿಯಿಂದಲೇ ತಳಿಯ ಬೆಳವಣಿಗೆಯ ಗುಣ ಬದಲಾಗುತ್ತಿತ್ತು. ದನ ಸಾಕುವವರು ಹೋರಿ ಬದಲಿಸುವುದನ್ನು ತಲೆತಲಾಂತರದಿಂದ ಬಲ್ಲರು. ಮೀನಿಗೆ ಅಂಥ ತಲೆಮಾರುಗಳ ಅನುಭವವೇ ಇರಲಿಲ್ಲ. ಏಕನಾಥ್ ಮುಂದೆ ಫಿಲಿಪೀನ್ಸಿನಲ್ಲಿ ಗಿಫ್ಟ್ ಎಂಬ ಸುಧಾರಿತ ತಿಲಾಪಿಯಾ ತಳಿಯನ್ನು ರೂಪಿಸಿದ ಯೋಜನೆಯ ಮುಂದಾಳುಗಳಲ್ಲಿ ಒಬ್ಬರಾದರು.

ಕಡಲಪಾಚಿಯ ಕೃಷಿ ನಡೆದ ದಾರಿಯೂ ಇದನ್ನೇ ಹೋಲುತ್ತದೆ. ಜಪಾನಿನ ನೋರಿ ಬೆಳೆಗಾರರು ಶತಮಾನಗಳ ಕಾಲ ಬಿದಿರಿನ ಗಳಗಳನ್ನು ಕಡಲಲ್ಲಿ ನೆಟ್ಟು ಬೀಜಕಣ ಬಂದು ಅಂಟಲೆಂದು ಕಾಯುತ್ತಿದ್ದರು. ಆ ಪಾಚಿ ಬೇಸಿಗೆಯನ್ನು ಎಲ್ಲಿ ಕಳೆಯುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ಅದು ಚಿಪ್ಪುಗಳ ಒಳಗೆ ಕಣ್ಣಿಗೆ ಕಾಣದ ಎಳೆಗಳಾಗಿ ಬದುಕುತ್ತದೆ ಎಂಬುದನ್ನು ಇಂಗ್ಲೆಂಡಿನ ಕ್ಯಾಥ್ಲೀನ್ ಡ್ರೂ ಬೇಕರ್ 1949ರಲ್ಲಿ ಪ್ರಕಟಿಸಿದರು. ಆ ಮೇಲೆ ಜಪಾನಿನಲ್ಲಿ ಚಿಪ್ಪಿನ ಮೇಲೆಯೇ ಬಿತ್ತನೆ ತಯಾರಾಗತೊಡಗಿತು. ಗೆಂಡೆಗೆ 1957 ಹೇಗೋ ನೋರಿಗೆ 1949 ಹಾಗೆ. ಭಾರತದಲ್ಲಿ ತಮಿಳುನಾಡಿನ ಮಂಡಪಂ ಸುತ್ತ 1990ರ ದಶಕದ ನಂತರ ಹಬ್ಬಿದ ಕಪ್ಪಾಫೈಕಸ್ ಎಂಬ ಪಾಚಿಯಲ್ಲಿ ಒಳಸಂಬಂಧದಂಥದ್ದೇ ಅಪಾಯ ಕಾಣಿಸಿತು. ಅದನ್ನು ಬೀಜದಿಂದಲ್ಲ, ತುಂಡಿನಿಂದ ಬೆಳೆಸುತ್ತಾರೆ. ಇಡೀ ಬೆಳೆ ಕೆಲವೇ ಮೂಲಗಿಡಗಳ ಪ್ರತಿರೂಪ. 2013ರ ಹೊತ್ತಿಗೆ ಸಾಮೂಹಿಕವಾಗಿ ಸತ್ತು ಬೆಳೆ ಕುಸಿದಾಗ ಹೊಸ ಮೂಲಗಿಡಗಳ ಹುಡುಕಾಟ ಅನಿವಾರ್ಯವಾಯಿತು. ಕರ್ನಾಟಕದ ಕರಾವಳಿಯಲ್ಲಿ ಮಳೆಗಾಲದ ನದಿಗಳು ಉಪ್ಪನ್ನು ಕಡಿಮೆ ಮಾಡಿ ನೀರನ್ನು ಕದಡುವುದರಿಂದ ಈ ಕೃಷಿ ತಮಿಳುನಾಡಿನಷ್ಟು ಸಲೀಸಲ್ಲ. ಕೆರೆಯ ಗೆಂಡೆಯಿಂದ ಕಲಿತ ಪಾಠ ಮಾತ್ರ ಕಡಲಿಗೂ ಅನ್ವಯಿಸುತ್ತದೆ: ತಾಯಿಸಂಗ್ರಹ ವಿಶಾಲವಾಗಿರಬೇಕು, ಕಾಡುಮೂಲ ಜೀವಂತವಾಗಿರಬೇಕು.

ಈ ತತ್ತ್ವದ ಮೇಲೆಯೇ 1992ರಲ್ಲಿ ಭುವನೇಶ್ವರದ ಸಿಹಿನೀರು ಮೀನುಕೃಷಿ ಸಂಸ್ಥೆ ನಾರ್ವೆಯ ನೆರವಿನಿಂದ ರೋಹು ತಳಿ ಸುಧಾರಣೆ ಆರಂಭಿಸಿತು. ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರಾಗಳಿಂದ ಹಿಡಿದ ಕಾಡುಮೀನುಗಳನ್ನು ಸಾಕಿದ ಮೀನಿನ ಜೊತೆ ಬೆರೆಸಿ, ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತ ಹೋದರು. ಪ್ರತಿ ಪೀಳಿಗೆಗೆ ಬೆಳವಣಿಗೆ ಸರಾಸರಿ ಶೇ. 17ರಷ್ಟು ಹೆಚ್ಚಿತು. ಸ್ವಾತಂತ್ರ್ಯದ ಸುವರ್ಣ ವರ್ಷ 1997ರಲ್ಲಿ ಅದಕ್ಕೆ ಜಯಂತಿ ರೋಹು ಎಂಬ ಹೆಸರಾಯಿತು. ಸಾಕುಮೀನು ಎಂಬ ಮಾತು ಪೂರ್ಣ ಅರ್ಥದಲ್ಲಿ ಸಲ್ಲುವುದು ಇಂಥ ತಳಿಗೇ.

ಗಂಗೆಯ ಮೀನಿಗೆ ಇಷ್ಟೆಲ್ಲ ನಡೆದಾಗ ತುಂಗಭದ್ರೆಯ ಸ್ವಂತ ಮೀನುಗಳ ಕಡೆ ನೋಡಿದವರು ಕಡಿಮೆ. ಅವರಲ್ಲಿ ಒಬ್ಬರು ಭದ್ರಾವತಿಯ ಮಾಲಿನ್ಯವನ್ನು ದಾಖಲಿಸಿದ ಅದೇ ಡೇವಿಡ್. ಹಾರಗಿ ಮೀನಿನ ಆಹಾರ ಮತ್ತು ಸಂತಾನಕ್ರಮವನ್ನು ಅಭ್ಯಾಸ ಮಾಡಿ, ಕೆರೆಗಳಲ್ಲಿ ಸಾಕಲು ಅದು ಎಷ್ಟು ಯೋಗ್ಯ ಎಂಬುದನ್ನು 1975ರಲ್ಲಿ ಅವರು ಸಹಲೇಖಕ ರೆಹಮಾನ್ ಜೊತೆ ಬರೆದರು. ಹಾರಗಿ ನೀರುಗಿಡ ತಿನ್ನುವ ಮೀನು. ಚೀನಾ ಮೂಲದ ಹುಲ್ಲುಗೆಂಡೆ ಮಾಡುವ ಕೆಲಸವನ್ನೇ ಮಾಡಬಲ್ಲ ಸ್ಥಳೀಯ ಜಾತಿ ಕಣ್ಣೆದುರಿಗಿತ್ತು. ಆದರೆ ಅದರ ಮರಿ ಮಾಡಿಸುವ ವಿಧಾನ ಸಿದ್ಧವಿರಲಿಲ್ಲ, ಹುಲ್ಲುಗೆಂಡೆಯದು ಸಿದ್ಧವಿತ್ತು. ಸಿದ್ಧವಿದ್ದದ್ದೇ ಗೆದ್ದಿತು. ಮುಂದಿನ ದಶಕಗಳಲ್ಲಿ ಹಾರಗಿ ಹೊಳೆಗಳಿಂದ ಕಣ್ಮರೆಯಾಗುತ್ತ ಬಂದು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ತೀವ್ರ ಅಪಾಯದಲ್ಲಿರುವ ಜಾತಿ ಎಂದು ದಾಖಲಾಯಿತು. ಭುವನೇಶ್ವರದ ಸಿಹಿನೀರು ಮೀನುಕೃಷಿ ಸಂಸ್ಥೆಯ ಹೆಸರಘಟ್ಟ ಘಟಕ ಅದನ್ನು ಕೊಳದಲ್ಲಿ ಸಾಕಿ, ಚುಚ್ಚುಮದ್ದಿನಿಂದ ಮೊಟ್ಟೆ ಇಡಿಸಿ ಮರಿ ಮಾಡಿಸುವಲ್ಲಿ ಗೆದ್ದದ್ದು ಈ ಶತಮಾನದಲ್ಲಿ. ಕೆಮ್ಮೀನು ಮತ್ತು ರಾಜ್ಯಮೀನೆಂದು ಗುರುತಿಸಲಾದ ಕರ್ನಾಟಿಕ್ ಗೆಂಡೆಯ ಮೇಲೂ ಅಲ್ಲಿ ಕೆಲಸ ನಡೆದಿದೆ.

ಸ್ಥಳೀಯ ಮೀನನ್ನು ಪಳಗಿಸುವಲ್ಲೂ ಎಚ್ಚರ ಬೇಕು ಎಂಬುದನ್ನು ಮಹಶೀರ್ ತೋರಿಸಿಕೊಟ್ಟಿದೆ. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮರಿ ಕೇಂದ್ರ 1970ರ ದಶಕದಿಂದ ಕೃಷ್ಣಾ ಕೊಳ್ಳದ ನೀಲಿರೆಕ್ಕೆಯ ಮಹಶೀರ್ ಮರಿ ಮಾಡಿಸಿ ದೇಶಕ್ಕೆಲ್ಲ ಹಂಚಿತು. ಒಂದು ಅಪರೂಪದ ಮೀನನ್ನು ಉಳಿಸಿದ ಈ ಕೆಲಸ ದೊಡ್ಡದು. ಆದರೆ ಅದೇ ಮರಿಗಳನ್ನು ಕಾವೇರಿಗೂ ಬಿಟ್ಟರು. ಅಲ್ಲಿಗೆ ಅದು ಪರಕೀಯ. ಕಾವೇರಿಯ ಸ್ವಂತದ್ದಾದ, ಕೇಸರಿ ರೆಕ್ಕೆಯ ಗೂನುಬೆನ್ನಿನ ಮಹಶೀರ್ ಕ್ರಮೇಣ ವಿರಳವಾಯಿತು; 2018ರಲ್ಲಿ ವಿಜ್ಞಾನಿಗಳು ಅದರ ಶಾಸ್ತ್ರೀಯ ಗುರುತನ್ನು ಖಚಿತಪಡಿಸುವ ಹೊತ್ತಿಗೆ ಅದು ಅಳಿವಿನಂಚಿನಲ್ಲಿತ್ತು. ಅಲ್ಲಿಂದೀಚೆಗೆ ಯಾವ ನದಿಯ ತಾಯಿಮೀನಿನ ಮರಿಯನ್ನು ಯಾವ ನದಿಗೆ ಬಿಡಬೇಕು ಎಂಬ ಪ್ರಶ್ನೆಯನ್ನು ಸಂರಕ್ಷಣೆಯವರು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಶೃಂಗೇರಿ, ಚಿಪ್ಪಲಗುಡ್ಡೆಯ ದೇವರ ಮೀನುಗಳಿಗೆ ಈ ಬೆಳಕಿನಲ್ಲಿ ಹೊಸ ಬೆಲೆ ಬಂದಿದೆ. ತುಂಗೆಯ ಮೂಲತಳಿ ಅಲ್ಲಿ ಜನರ ಭಕ್ತಿಯ ಕಾವಲಿನಲ್ಲಿದೆ.

ಬಿ.ಆರ್. ಪ್ರಾಜೆಕ್ಟ್‌ನಂಥ ಸರ್ಕಾರಿ ಕೇಂದ್ರಗಳಿಂದ ಮಳೆಗಾಲದಲ್ಲಿ ಹೊರಡುವ ಚೀಲಗಳ ಬಹುಪಾಲು ಇಂದಿಗೂ ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆಯದೇ. ಹಾರಗಿಯ ಮರಿ ಮಾಡಿಸುವ ವಿಧಾನ ಗೊತ್ತಾಗಿದ್ದರೂ, ಅದು ಕಾಟ್ಲಾದಷ್ಟು ಬೇಗ ತೂಕಕ್ಕೆ ಬಾರದ್ದರಿಂದ ಗುತ್ತಿಗೆದಾರರ ಲೆಕ್ಕಾಚಾರಕ್ಕೆ ಇನ್ನೂ ಹೊಂದಿಲ್ಲ. ಕಳೆ ತುಂಬಿದ ಕೆರೆಗಳಲ್ಲಿ ಹುಲ್ಲುಗೆಂಡೆಯ ಬದಲು ಅದನ್ನು ಬಿಡಲು, ಹಿನ್ನೀರಿನ ಮೇಲ್ಭಾಗದ ಹರಿವಿಗೆ ಅದರ ಬಲಿತ ಮರಿಗಳನ್ನು ಸೇರಿಸಲು ಅವಕಾಶವಿದೆ. ಅದಕ್ಕೆ ಮೊದಲು ಬೇಕಾದದ್ದು ತುಂಗಾ, ಭದ್ರೆಗಳಲ್ಲಿ ಉಳಿದಿರುವ ಹಾರಗಿಗಳಿಂದ ಕಟ್ಟಿದ, ಹಲವು ಕುಟುಂಬಗಳ ರಕ್ತವಿರುವ ತಾಯಿಸಂಗ್ರಹ.